ಯೂಸರ್‌ಸ್ಕ್ರಿಪ್ಟ್‌ನಿಂದ ಪುಟದ ಜಾವಾಸ್ಕ್ರಿಪ್ಟ್‌ಗೆ ಕೈ ಹಾಕುವುದು ಹೇಗೆ

ಕನ್ನಡ ವಿಕಿಪೀಡಿಯದ ‘ಬೆಂಗಳೂರು’ ಪುಟದ ಕೊಂಡಿಯನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಚೆಂದಾಗಿ ಕನ್ನಡದಲ್ಲೇ ಕಾಣುತ್ತಿದ್ದದ್ದು, ಅಂಟಿಸಿದ ಕೂಡಲೇ ಶೇಕಡಾ ಚಿಹ್ನೆಗಳ ಜಾತ್ರೆಯಾಗುತ್ತದೆ. ಲೆಕ್ಕ ಸುಲಭ. ಬೆಂಗಳೂರು ಅನ್ನುವ ಪದ ನಮಗೆ ನಾಲ್ಕಕ್ಷರ, ಯೂನಿಕೋಡ್‌ಗೆ 8 ಸಂಕೇತ. ಗುಣಿತದ ಚಿಹ್ನೆ, ಸೊನ್ನೆ ಎಲ್ಲ ಬೇರೆ ಬೇರೆ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ 3 ಬೈಟ್. ಕೊಂಡಿಯಲ್ಲಿ ಒಂದೊಂದು ಬೈಟ್‌ಗೆ ಮತ್ತೆ 3 ಅಕ್ಷರ. ಒಟ್ಟು 72 ಅಕ್ಷರ, ಒಂದು ಊರಿನ ಹೆಸರಿಗೆ! ಕಳಿಸಿದವರು ಏನು ಕಳಿಸಿದ್ದಾರೆ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಜನ ವೈರಸ್ ಇರಬೇಕು ಅಂತ ಮುಟ್ಟುವುದೂ ಇಲ್ಲ.

ಆದರೆ ವಿಕಿಪೀಡಿಯದ ಪ್ರತಿ ಪುಟಕ್ಕೂ ಒಂದು ನಂಬರ್ ಇದೆ. ತಾಣದ ಹೆಸರಿನ ಮುಂದೆ ಓರೆಗೆರೆ, ಪ್ರಶ್ನೆ ಚಿಹ್ನೆ, ‘ಕ್ಯುರ್‌ಐಡಿ’ (ಸಿ-ಯು-ಆರ್-ಐ-ಡಿ, ಎಲ್ಲ ಚಿಕ್ಕಕ್ಷರ), ಸಮ ಚಿಹ್ನೆ, ಆ ನಂಬರ್ ಹಾಕಿದರೆ ಸಾಕು, ಅದೇ ಪುಟ ತೆರೆಯುತ್ತದೆ. ಪುಟದ ಹೆಸರು ನಾಳೆ ಬದಲಾದರೂ ನಂಬರ್ ಬದಲಾಗುವುದಿಲ್ಲ. ಈ ನಂಬರ್ ಪುಟದ ಮೇಲೆ ಎಲ್ಲೂ ಎದ್ದು ಕಾಣುವುದಿಲ್ಲ. ಅದು ಪುಟದ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಒಂದರ ಒಳಗೆ ಕೂತಿದೆ. ಅದನ್ನು ಹೊರಗೆ ತೆಗೆದು, ಶೀರ್ಷಿಕೆಯ ಪಕ್ಕ ‘ಚಿಕ್ಕ ಕೊಂಡಿ’ ಅಂತ ಒಂದು ಬಟನ್ ಇಡುವುದು ಈ ಲೇಖನದ ಕೆಲಸ. ಅದನ್ನು ಮಾಡುವುದು ಯೂಸರ್‌ಸ್ಕ್ರಿಪ್ಟ್‌ನಿಂದ, ಅಂದರೆ ಬೇರೆಯವರ ತಾಣದ ಪುಟದ ಮೇಲೆ ನಮ್ಮ ಬ್ರೌಸರಿನಲ್ಲಿ ನಾವೇ ಓಡಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಕೋಡ್‌ನಿಂದ. (ವಿಕಿಪೀಡಿಯದವರೇ ಪಕ್ಕದ ಮೆನುವಿನಲ್ಲಿ ಕೊಂಡಿ ಚಿಕ್ಕದು ಮಾಡುವ ಸೌಲಭ್ಯ ಕೊಟ್ಟಿದ್ದಾರೆ. ಅದು ಸಾಕು ಅನ್ನುವವರು ಇಲ್ಲೇ ಇಳಿದುಕೊಳ್ಳಬಹುದು. ನಮಗೆ ಬೇಕಿರುವುದು ದಾರಿ. ಈ ದಾರಿ ಬೇರೆ ತಾಣಗಳಿಗೂ ಆಗುತ್ತದೆ.)

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಕೋಡ್‌ನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಗೆಳೆಯರಿಗೆ ಹೇಳಿದ ಹಾಗೆ. ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ, ಚಿಕ್ಕಕ್ಷರ ತಪ್ಪಬಾರದು, ಮುಖ್ಯವಾದ ಕಡೆ ಹೇಳುತ್ತಾ ಹೋಗುತ್ತೇನೆ. ನಿಮ್ಮದೇ ವೇರಿಯಬಲ್‌ಗಳಿಗೆ ಮಾತ್ರ ಕನ್ನಡ ಹೆಸರು ಇಡಬಹುದು. ಜಾವಾಸ್ಕ್ರಿಪ್ಟ್ ಅದಕ್ಕೆ ತಕರಾರು ಮಾಡುವುದಿಲ್ಲ. ‘ಪುಟಸಂಖ್ಯೆ’ ಅನ್ನುವ ವೇರಿಯಬಲ್ ನನ್ನ ಸ್ಕ್ರಿಪ್ಟ್‌ಗಳಲ್ಲಿ ವರ್ಷಗಳಿಂದ ಇದೆ. ಒಂದೇ ಎಚ್ಚರ: ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ (ಝಡ್‌ಡಬ್ಲ್ಯೂಎನ್‌ಜೆ) ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ನೋಡಲು ಒಂದೇ ಥರ ಇರುವ ಎರಡು ಹೆಸರು ಬೇರೆ ಬೇರೆ ಆಗುತ್ತವೆ. ಆ ತಪ್ಪು ಹುಡುಕುವಷ್ಟರಲ್ಲಿ ಬೆಳಗಾಗುತ್ತದೆ.

ಒಂದೇ ವಠಾರ, ಎರಡು ಮನೆ

ನಾನು ಮೊದಲ ಸಲ ಇದಕ್ಕೆ ಕೈ ಹಾಕಿದಾಗ ಒಂದು ಸಂಜೆ ಪೂರ್ತಿ ಹಾಳಾಯಿತು. ನಂಬರ್ ಇಟ್ಟುಕೊಂಡ ಆ ಆಬ್ಜೆಕ್ಟ್‌ನ ಹೆಸರು ‘ಎಂಡಬ್ಲ್ಯೂ’. ಬ್ರೌಸರಿನ ಕನ್ಸೋಲ್‌ನಲ್ಲಿ, ಅಂದರೆ ಕೋಡ್ ಟೈಪ್ ಮಾಡಿ ನೋಡುವ ಜಾಗದಲ್ಲಿ, ಅದನ್ನು ಬರೆದರೆ ಇಡೀ ಆಬ್ಜೆಕ್ಟ್ ಬಂದು ಕೂರುತ್ತಿತ್ತು. ಅದೇ ಹೆಸರನ್ನು ಸ್ಕ್ರಿಪ್ಟ್‌ನಲ್ಲಿ ಬರೆದರೆ ‘ಅನ್‌ಡಿಫೈನ್ಡ್’. ಸ್ಪೆಲಿಂಗ್ ನೋಡಿದೆ, ಬ್ರೌಸರ್ ಮುಚ್ಚಿ ತೆರೆದೆ, ಎಕ್ಸ್‌ಟೆನ್ಶನ್ ಕಿತ್ತು ಮತ್ತೆ ಹಾಕಿದೆ. ಕೋಡ್‌ನಲ್ಲಿ ತಪ್ಪೇ ಇರಲಿಲ್ಲ. ನಾನು ಕೂಗುತ್ತಿದ್ದದ್ದು ಬೇರೆ ಮನೆಯಿಂದ, ಅಷ್ಟೇ.

ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಅಂಗಳ ಎಲ್ಲರದು. ಅಲ್ಲಿ ಒಣಗಲು ಹಾಕಿದ ಬಟ್ಟೆ ಎಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ಸರಿಸಬಹುದು. ಆದರೆ ಒಬ್ಬರ ಅಡುಗೆಮನೆಯ ಡಬ್ಬಿಯಲ್ಲಿ ಏನಿದೆ ಅಂತ ಪಕ್ಕದವರಿಗೆ ಕಾಣುವುದಿಲ್ಲ. ವೆಬ್ ಪುಟದ ಡಾಮ್, ಅಂದರೆ ಶೀರ್ಷಿಕೆ, ಪ್ಯಾರಾ, ಬಟನ್‌ಗಳ ಮರ, ಆ ಅಂಗಳ. ಪುಟದ ಜಾವಾಸ್ಕ್ರಿಪ್ಟ್ ವೇರಿಯಬಲ್‌ಗಳು ಅಡುಗೆಮನೆಯ ಡಬ್ಬಿಗಳು. ಎಕ್ಸ್‌ಟೆನ್ಶನ್‌ಗಳು ಪುಟಕ್ಕೆ ಹಾಕುವ ಕೋಡ್ ಅದೇ ಅಂಗಳ ನೋಡುತ್ತದೆ, ಆದರೆ ವಾಸ ಬೇರೆ ಮನೆಯಲ್ಲಿ. ಕ್ರೋಮ್ ಇದನ್ನು ‘ಐಸೊಲೇಟೆಡ್ ವರ್ಲ್ಡ್’ ಅನ್ನುತ್ತದೆ. ಫೈರ್‌ಫಾಕ್ಸ್‌ನವರು ‘ಎಕ್ಸ್‌ರೇ ವಿಷನ್’ ಅನ್ನುತ್ತಾರೆ. ಅಲ್ಲಿ ಪುಟದ ವಸ್ತುಗಳನ್ನು ನೋಡಬಹುದು, ಆದರೆ ಪುಟ ಅವುಗಳಿಗೆ ಅಂಟಿಸಿದ ಹೆಚ್ಚುವರಿ ಸಾಮಾನು ತೆಗೆದುಹಾಕಿದ, ಬ್ರೌಸರ್ ಕೊಟ್ಟ ಮೂಲ ರೂಪ ಮಾತ್ರ ಕಾಣುತ್ತದೆ.

ಈ ಗೋಡೆ ಸುಮ್ನೆ ಎದ್ದದ್ದಲ್ಲ. ಯೂಸರ್‌ಸ್ಕ್ರಿಪ್ಟ್ ಓಡಿಸುವ ಎಕ್ಸ್‌ಟೆನ್ಶನ್ ಆದ, ಆರನ್ ಬೂಡ್‌ಮನ್ ಬರೆದ ಗ್ರೀಸ್‌ಮಂಕಿ ಫೈರ್‌ಫಾಕ್ಸ್‌ಗೆ ಬಂದ ಶುರುವಿನಲ್ಲಿ ಗೋಡೆಯೇ ಇರಲಿಲ್ಲ. ಯೂಸರ್‌ಸ್ಕ್ರಿಪ್ಟ್‌ಗಳಿಗೆ ಅಂತ ಕೊಟ್ಟಿದ್ದ ವಿಶೇಷ ಅಧಿಕಾರಗಳನ್ನು ಪುಟವೇ ಕದಿಯಬಹುದು, ಅವುಗಳಿಂದ ನಿಮ್ಮ ಕಂಪ್ಯೂಟರಿನ ಫೈಲ್‌ಗಳನ್ನೂ ಓದಬಹುದು ಅಂತ 2005ರ ಜುಲೈನಲ್ಲಿ ಮಾರ್ಕ್ ಪಿಲ್ಗ್ರಿಮ್ ತೋರಿಸಿಕೊಟ್ಟರು. ಅವಸರದಲ್ಲಿ ಬಂದ 0.3.5 ಆವೃತ್ತಿ ಆ ಅಧಿಕಾರಗಳನ್ನೇ ಕಿತ್ತುಹಾಕಿತು. ಆಮೇಲೆ 0.5ರಲ್ಲಿ ಸ್ಕ್ರಿಪ್ಟ್‌ಗಳಿಗೆ ಬೇರೆ ಮನೆ ಕಟ್ಟಿಕೊಟ್ಟರು. ಪುಟದ ಮನೆಗೆ ಹೋಗಲೇಬೇಕು ಅನ್ನುವವರಿಗೆ ಒಂದು ಬಾಗಿಲು ಇಟ್ಟು, ಅದರ ಮೇಲೆ ಎಚ್ಚರಿಕೆಯನ್ನೇ ಹೆಸರಾಗಿ ಬರೆದರು: ‘ಅನ್‌ಸೇಫ್‌ವಿಂಡೋ’. ಇವತ್ತಿಗೂ ಅದೇ ಹೆಸರು.

ಮೊದಲು ಕನ್ಸೋಲ್

ಎಡಿಟರ್ ತೆರೆಯುವ ಮುಂಚೆ ಪುಟ ತೆರೆಯಿರಿ. ಎಫ್12 ಒತ್ತಿ, ಕನ್ಸೋಲ್‌ಗೆ ಹೋಗಿ. ಅಲ್ಲಿ ಈ ಸಾಲು ಬರೆಯಿರಿ:

ಎಂಡಬ್ಲ್ಯೂ.ಕಾನ್ಫಿಗ್.ಗೆಟ್('ಡಬ್ಲ್ಯೂಜಿಆರ್ಟಿಕಲ್‌ಐಡಿ')

ಎಂಡಬ್ಲ್ಯೂ ಎರಡೇ ಚಿಕ್ಕಕ್ಷರ, ವಿಕಿಪೀಡಿಯವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿಯ ಚುಟುಕು. ಕೊನೆಯ ಹೆಸರಿನಲ್ಲಿ ಡಬ್ಲ್ಯೂ ಮತ್ತು ಜಿ ಚಿಕ್ಕವು, ಆರ್ಟಿಕಲ್‌ನ ಎ ದೊಡ್ಡದು, ಐಡಿಯಲ್ಲಿ ಐ ದೊಡ್ಡದು, ಡಿ ಚಿಕ್ಕದು. ಈ ಡಿ ಎಷ್ಟು ಜನರನ್ನು ಬೀಳಿಸಿದೆಯೋ! ತಪ್ಪಾಗಿ ಬರೆದರೆ ಎರರ್ ಬರುವುದಿಲ್ಲ, ‘ನಲ್’ ಅಂತ ಬರುತ್ತದೆ. ಸರಿ ಇದ್ದರೆ ಒಂದು ನಂಬರ್ ಬರುತ್ತದೆ. ‘ವಿಶೇಷ’ ಪುಟಗಳಲ್ಲಿ, ಇನ್ನೂ ಯಾರೂ ಬರೆಯದ ಪುಟಗಳಲ್ಲಿ ಸೊನ್ನೆ ಬರುತ್ತದೆ. ಇದು ನೆನಪಿರಲಿ, ಮುಂದೆ ಬೇಕು.

ಕನ್ಸೋಲ್‌ನಲ್ಲಿ ಬಂತು ಅಂದರೆ ಆಬ್ಜೆಕ್ಟ್ ಇದೆ, ನೀವು ಪುಟದ ಮನೆಯಲ್ಲಿ ನಿಂತು ಕೇಳಿದ್ದೀರಿ ಅಂತ ಅರ್ಥ. ಕ್ರೋಮ್‌ನ ಕನ್ಸೋಲ್‌ನ ಮೇಲ್ಭಾಗದಲ್ಲಿ ‘ಟಾಪ್’ ಅಂತ ಒಂದು ಚಿಕ್ಕ ಪಟ್ಟಿ ಇದೆ. ಅದನ್ನು ಒತ್ತಿದರೆ ಕೆಲವು ಎಕ್ಸ್‌ಟೆನ್ಶನ್‌ಗಳ ಹೆಸರೂ ಕಾಣಬಹುದು. ಅವುಗಳಲ್ಲಿ ಒಂದನ್ನು ಆರಿಸಿ ಮತ್ತೆ ಎಂಡಬ್ಲ್ಯೂ ಅಂತ ಕೇಳಿ. ಅದೇ ಟ್ಯಾಬ್, ಅದೇ ಪುಟ, ಆದರೆ ಈಗ ‘ಅಂಥದ್ದೇನೂ ಇಲ್ಲ’ ಅನ್ನುವ ಎರರ್. ಇದನ್ನೊಮ್ಮೆ ಕಣ್ಣಾರೆ ನೋಡಿಬಿಟ್ಟರೆ ಮುಂದಿನದ್ದೆಲ್ಲ ಸಲೀಸು.

ಎಲ್ಲಕ್ಕಿಂತ ಮುಖ್ಯವಾದ ಒಂದು ಸಾಲು

ಟ್ಯಾಂಪರ್‌ಮಂಕಿ, ವಯಲೆಂಟ್‌ಮಂಕಿ, ನಿಮ್ಮ ಬ್ರೌಸರಿಗೆ ಸಿಗುವ ಯಾವುದಾದರೂ ಒಂದು ಮ್ಯಾನೇಜರ್ (ಯೂಸರ್‌ಸ್ಕ್ರಿಪ್ಟ್ ಓಡಿಸುವ ಎಕ್ಸ್‌ಟೆನ್ಶನ್) ಹಾಕಿಕೊಳ್ಳಿ. ನಾನು ಬಳಸುವುದು ವಯಲೆಂಟ್‌ಮಂಕಿ. ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ ಅನ್ನುವುದೇ ನನಗೆ ಸಾಕಾದ ಕಾರಣ. ಈಚಿನ ಕ್ರೋಮ್‌ನಲ್ಲಿ ಮ್ಯಾನೇಜರ್ ಹಾಕಿದರಷ್ಟೇ ಸಾಲದು. 138ನೇ ಆವೃತ್ತಿಯಿಂದ ಆ ಎಕ್ಸ್‌ಟೆನ್ಶನ್‌ನ ವಿವರದ ಪುಟಕ್ಕೆ ಹೋಗಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಅನ್ನುವ ಸ್ವಿಚ್ ಹಾಕಬೇಕು. ‘ನಿನ್ನೆವರೆಗೂ ಓಡುತ್ತಿತ್ತು, ಇವತ್ತು ಏನೂ ಆಗುತ್ತಿಲ್ಲ’ ಅನ್ನುವವರು ಮೊದಲು ಅದನ್ನೇ ನೋಡಿ.

ಹೊಸ ಸ್ಕ್ರಿಪ್ಟ್ ತೆರೆದರೆ ತಲೆಭಾಗದಲ್ಲಿ ಓರೆಗೆರೆಗಳ ಹಿಂದೆ ಕೆಲವು ಸಾಲು ಇರುತ್ತವೆ. ನಮಗೆ ಬೇಕಾದ್ದು ಹೀಗೆ:

// @ನೇಮ್ ಚಿಕ್ಕ ಕೊಂಡಿ
// @ಮ್ಯಾಚ್ ಎಚ್‌ಟಿಟಿಪಿಎಸ್://ಕೆಎನ್.ವಿಕಿಪೀಡಿಯ.ಆರ್ಗ್/*
// @ರನ್-ಅಟ್ ಡಾಕ್ಯುಮೆಂಟ್-ಎಂಡ್
// @ಗ್ರಾಂಟ್ ಅನ್‌ಸೇಫ್‌ವಿಂಡೋ
// @ಗ್ರಾಂಟ್ ಜಿಎಂ_ಸೆಟ್‌ಕ್ಲಿಪ್‌ಬೋರ್ಡ್

ಸ್ಕ್ರಿಪ್ಟ್ ಯಾವ ಮನೆಯಲ್ಲಿ ಇರಬೇಕು ಅಂತ ತೀರ್ಮಾನ ಮಾಡುವುದು ಈ ‘ಗ್ರಾಂಟ್’. ಎರಡು ದಾರಿ ಇದೆ.

‘ಗ್ರಾಂಟ್ ನನ್’ ಅಂತ ಬರೆದರೆ ಟ್ಯಾಂಪರ್‌ಮಂಕಿ, ವಯಲೆಂಟ್‌ಮಂಕಿಗಳಲ್ಲಿ ನಿಮ್ಮ ಕೋಡ್ ಪುಟದ ಮನೆಯಲ್ಲೇ ಓಡುತ್ತದೆ. ಅಲ್ಲಿ ವಿಂಡೋ ಅಂದರೆ ಪುಟದ ವಿಂಡೋನೇ. ಸುಮ್ನೆ ಎಂಡಬ್ಲ್ಯೂ ಅಂತ ಬರೆದರೂ ಸಿಗುತ್ತದೆ. ಇಷ್ಟು ಸುಲಭ ಇದ್ದ ಮೇಲೆ ಬೇರೆ ದಾರಿ ಯಾಕೆ? ಯಾಕೆಂದರೆ ಜಿಎಂ ಅಂತ ಶುರುವಾಗುವ ವಿಶೇಷ ಸೌಲಭ್ಯಗಳು ಆಗ ಸಿಗುವುದಿಲ್ಲ: ಬೇರೆ ತಾಣದಿಂದ ಮಾಹಿತಿ ತರುವುದು, ಮ್ಯಾನೇಜರ್‌ನಲ್ಲಿ ಏನಾದರೂ ಉಳಿಸಿಡುವುದು, ಕ್ಲಿಪ್‌ಬೋರ್ಡ್ ಇವೆಲ್ಲ. ಇನ್ನೊಂದು ತೊಂದರೆಯೂ ಇದೆ, ಅದನ್ನು ಅನುಭವಿಸಿಯೇ ಕಲಿತೆ. ಒಂದು ಬಸ್ ಟಿಕೆಟ್ ತಾಣಕ್ಕೆ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ. ‘ಗ್ರಾಂಟ್ ನನ್’ ಇಟ್ಟು, ‘@ರಿಕ್ವೈರ್’ ಮೂಲಕ ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಎಳೆದುಕೊಂಡೆ. ನನ್ನ ಜೆಕ್ವೆರಿ ಹೋಗಿ ಪುಟದ ಜೆಕ್ವೆರಿಯ ಜಾಗದಲ್ಲಿ ಕೂತಿತು. ತಾಣದವರು ತಮ್ಮದಕ್ಕೆ ಸೇರಿಸಿದ್ದ ಪ್ಲಗಿನ್‌ಗಳೆಲ್ಲ ಮಾಯ. ಸೀಟಿನ ನಕ್ಷೆ ತೆರೆಯುವುದೇ ನಿಂತಿತು. ಹಬ್ಬದ ಹಿಂದಿನ ವಾರ ಬೇರೆ. ತಾಣವನ್ನು ಬೈದುಕೊಂಡು ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಇಂಥ ಕಡೆ ‘ನೋಕಾನ್‌ಫ್ಲಿಕ್ಟ್(ಟ್ರೂ)’ ಅಂತ ಕರೆದು ನಿಮ್ಮ ಜೆಕ್ವೆರಿಯನ್ನು ಬೇರೆ ಹೆಸರಿಗೆ ಕಟ್ಟಿಹಾಕಬೇಕು. ಇವತ್ತಿನ ಬ್ರೌಸರ್‌ಗಳಲ್ಲಿ ಜೆಕ್ವೆರಿ ಇಲ್ಲದೆಯೇ ಬರೆಯಬಹುದು, ಅದು ಇನ್ನೂ ಒಳ್ಳೆಯದು.

ಎರಡನೇ ದಾರಿ, ಬೇಕಾದ ಸೌಲಭ್ಯಗಳನ್ನು ಒಂದೊಂದಾಗಿ ಕೇಳುವುದು. ಆಗ ಸ್ಕ್ರಿಪ್ಟ್‌ಗೆ ಸ್ವಂತ ಮನೆ ಸಿಗುತ್ತದೆ. ಅಲ್ಲಿನ ವಿಂಡೋ ಸ್ಕ್ರಿಪ್ಟ್‌ನದು. ಪುಟದ ಅಸಲಿ ವಿಂಡೋ ಬೇಕು ಅಂದರೆ ಅನ್‌ಸೇಫ್‌ವಿಂಡೋ. ಇದರಲ್ಲಿ ಡಬ್ಲ್ಯೂ ಮಾತ್ರ ದೊಡ್ಡಕ್ಷರ. ನಾವು ಕ್ಲಿಪ್‌ಬೋರ್ಡ್ ಕೇಳಿರುವುದರಿಂದ ನಮ್ಮದು ಈ ದಾರಿ. ಎರಡನ್ನೂ ಬೆರೆಸಲು ಆಗುವುದಿಲ್ಲ. ಸಾಲನ್ನೇ ಬರೆಯದೆ ಬಿಟ್ಟರೆ ಒಂದೊಂದು ಮ್ಯಾನೇಜರ್ ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತದೆ. ಆದ್ದರಿಂದ ಬರೆದೇ ಬಿಡಿ.

ಈಗ ಸ್ಕ್ರಿಪ್ಟ್ ಒಳಗೆ ಹೀಗೆ ಕೇಳಬಹುದು:

ಅನ್‌ಸೇಫ್‌ವಿಂಡೋ.ಎಂಡಬ್ಲ್ಯೂ.ಕಾನ್ಫಿಗ್.ಗೆಟ್('ಡಬ್ಲ್ಯೂಜಿಆರ್ಟಿಕಲ್‌ಐಡಿ')

ಉತ್ತರ ಕನ್ಸೋಲ್‌ನಲ್ಲಿ ಕಾಣಲು ಈ ಸಾಲನ್ನು ‘ಕನ್ಸೋಲ್.ಲಾಗ್’ ಒಳಗೆ ಹಾಕಿ ಉಳಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ. ಒಂದು ಸಲ ನಂಬರ್ ಬರುತ್ತದೆ, ಇನ್ನೊಂದು ಸಲ ‘ಎಂಡಬ್ಲ್ಯೂ ಅನ್‌ಡಿಫೈನ್ಡ್’ ಅಂತ ಕೆಂಪು ಸಾಲು. ಇದು ಮನೆಯ ತೊಂದರೆ ಅಲ್ಲ, ಹೊತ್ತಿನ ತೊಂದರೆ.

ಕಾಯುವುದನ್ನು ಕಲಿಯುವುದು

ವಿಕಿಪೀಡಿಯ ಪುಟ ಬಂದ ಕೂಡಲೇ ಎಂಡಬ್ಲ್ಯೂ ಇರುವುದಿಲ್ಲ. ಅದನ್ನು ಕಟ್ಟುವ ಕೋಡ್ ಬೇರೆ ಫೈಲ್‌ನಲ್ಲಿ, ತನ್ನ ಪಾಡಿಗೆ ತಾನು ಇಳಿಯುತ್ತದೆ. ನೆಟ್‌ವರ್ಕ್ ಚುರುಕಾಗಿದ್ದರೆ ನಿಮಗಿಂತ ಮುಂಚೆ, ಇಲ್ಲದಿದ್ದರೆ ಆಮೇಲೆ. ‘ರನ್-ಅಟ್’ ಬದಲಿಸಿದರೆ ಸ್ವಲ್ಪ ಸರಿಹೋಗುತ್ತದೆ. ಡಾಕ್ಯುಮೆಂಟ್-ಸ್ಟಾರ್ಟ್ ಅಂದರೆ ಪುಟದ ಕೋಡ್‌ಗಿಂತ ಮುಂಚೆ, ಡಾಕ್ಯುಮೆಂಟ್-ಎಂಡ್ ಅಂದರೆ ಡಾಮ್ ಸಿದ್ಧವಾದಾಗ, ಡಾಕ್ಯುಮೆಂಟ್-ಐಡಲ್ ಅಂದರೆ ಇನ್ನೂ ಸ್ವಲ್ಪ ತಡವಾಗಿ. ನೀವು ಹೇಳದಿದ್ದರೆ ವಯಲೆಂಟ್‌ಮಂಕಿ ಎಂಡ್ ಅಂದುಕೊಳ್ಳುತ್ತದೆ, ಟ್ಯಾಂಪರ್‌ಮಂಕಿ ಐಡಲ್. ಒಂದರಲ್ಲಿ ಓಡಿದ ಸ್ಕ್ರಿಪ್ಟ್ ಇನ್ನೊಂದರಲ್ಲಿ ಮುಗ್ಗರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆದರೆ ಐಡಲ್ ಅಂತ ಬರೆದ ಮಾತ್ರಕ್ಕೆ ಆಬ್ಜೆಕ್ಟ್ ಇದ್ದೇ ಇರುತ್ತದೆ ಅನ್ನುವ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಎಲ್ಲ ತಾಣಕ್ಕೂ ನಡೆಯುವ ಉಪಾಯ, ಆಗಾಗ ಬಾಗಿಲು ತಟ್ಟಿ ನೋಡುವುದು. ‘ಸೆಟ್‌ಇಂಟರ್‌ವಲ್’ ಇಟ್ಟು 200 ಮಿಲಿಸೆಕೆಂಡಿಗೊಮ್ಮೆ ಕೇಳಿ: ಎಂಡಬ್ಲ್ಯೂ ಇದೆಯಾ? ಅದರೊಳಗೆ ಕಾನ್ಫಿಗ್ ಇದೆಯಾ? ನಾನು ಕೇಳಿದ್ದಕ್ಕೆ ಉತ್ತರ ಬಂತಾ? ಮೂರಕ್ಕೂ ಹೌದು ಅಂದರೆ ‘ಕ್ಲಿಯರ್‌ಇಂಟರ್‌ವಲ್’ ಹಾಕಿ ಕೆಲಸ ಶುರು ಮಾಡಿ. ಚುಕ್ಕೆಗೆ ಮುಂಚೆ ಪ್ರಶ್ನೆ ಚಿಹ್ನೆ ಹಾಕಿ ಬರೆದರೆ ಮೂರೂ ಪ್ರಶ್ನೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ನಡುವೆ ಏನಾದರೂ ಇಲ್ಲದಿದ್ದರೆ ಎರರ್ ಬದಲು ಅನ್‌ಡಿಫೈನ್ಡ್ ಬರುತ್ತದೆ. ಉತ್ತರ ನೋಡುವಾಗ ಒಂದು ಎಚ್ಚರ: ಸೊನ್ನೆಯೂ ಉತ್ತರವೇ. ‘ಇದ್ದರೆ’ ಅಂತ ಮಾತ್ರ ನೋಡಿದರೆ ಸೊನ್ನೆಯನ್ನು ‘ಇಲ್ಲ’ ಅಂದುಕೊಂಡು ವಿಶೇಷ ಪುಟಗಳಲ್ಲಿ ಸುಮ್ನೆ ತಟ್ಟುತ್ತಲೇ ಇರುತ್ತದೆ. ನಂಬರ್ ಹೌದಾ ಅಂತ ‘ಟೈಪ್‌ಆಫ್’ ಹಾಕಿ ನೋಡಿ. 50 ಸಲ ತಟ್ಟಿದರೂ, ಅಂದರೆ 10 ಸೆಕೆಂಡ್ ಆದರೂ ಸಿಗದಿದ್ದರೆ ಬಿಟ್ಟುಬಿಡಿ. ಬಿಡುವ ಲೆಕ್ಕ ಇಲ್ಲದ ಇಂಟರ್‌ವಲ್ ಹಿಂದೆ ತೆರೆದಿಟ್ಟ ಟ್ಯಾಬ್‌ಗಳಲ್ಲೂ ಸುತ್ತುತ್ತಿರುತ್ತದೆ.

ವಿಕಿಪೀಡಿಯದಲ್ಲಿ ಇನ್ನೂ ಅಚ್ಚುಕಟ್ಟಾದ ದಾರಿ ಇದೆ. ಅವರೇ ‘ಆರ್‌ಎಲ್‌ಕ್ಯೂ’ ಅನ್ನುವ ಸರದಿ ಸಾಲು ಇಟ್ಟಿದ್ದಾರೆ, ಮೂರೂ ದೊಡ್ಡಕ್ಷರ. ಅದಕ್ಕೆ ಒಂದು ಫಂಕ್ಷನ್ ‘ಪುಶ್’ ಮಾಡಿದರೆ, ಎಂಡಬ್ಲ್ಯೂ ಸಿದ್ಧವಾದ ಮೇಲೆ ಅವರೇ ಕರೆಯುತ್ತಾರೆ. ಆಗಲೇ ಸಿದ್ಧವಾಗಿದ್ದರೆ ತಕ್ಷಣ ಕರೆಯುತ್ತಾರೆ. ತಟ್ಟುವುದೂ ಬೇಡ, ಲೆಕ್ಕವೂ ಬೇಡ. ಯಾವ ತಾಣವೇ ಆಗಲಿ, ಇಂಥ ಸಾಲು ಇದೆಯಾ ಅಂತ ಒಂದು ಸಲ ಹುಡುಕಿ ನೋಡಿ.

ಬಟನ್

ಇನ್ನು ಸುಲಭ. ಪುಟದ ಶೀರ್ಷಿಕೆಯ ಐಡಿ ‘ಫರ್ಸ್ಟ್‌ಹೆಡಿಂಗ್’, ಎಚ್ ದೊಡ್ಡದು. ಅದನ್ನು ‘ಗೆಟ್‌ಎಲಿಮೆಂಟ್‌ಬೈಐಡಿ’ಯಿಂದ ಹಿಡಿದು, ಒಂದು ಬಟನ್ ಮಾಡಿ, ಒಳಗೆ ‘ಚಿಕ್ಕ ಕೊಂಡಿ’ ಅಂತ ಬರೆದು, ಕೊನೆಗೆ ಸೇರಿಸಿ. ಇದೆಲ್ಲ ಅಂಗಳದ ಕೆಲಸ, ಅನ್‌ಸೇಫ್‌ವಿಂಡೋ ಬೇಡ. ಒತ್ತಿದಾಗ ತಾಣದ ವಿಳಾಸಕ್ಕೆ ಕ್ಯುರ್‌ಐಡಿ, ಪುಟಸಂಖ್ಯೆ ಜೋಡಿಸಿ ಜಿಎಂ_ಸೆಟ್‌ಕ್ಲಿಪ್‌ಬೋರ್ಡ್‌ಗೆ ಕೊಡಿ. ಸಂಖ್ಯೆ ಸೊನ್ನೆ ಇದ್ದರೆ ಬಟನ್ ಹಾಕಲೇಬೇಡಿ. ಅಷ್ಟೇ, 72 ಅಕ್ಷರದ ಜಾಗಕ್ಕೆ ಕೆಲವೇ ಅಂಕಿ.

ಹೆಸರು ಗೊತ್ತಿದ್ದೂ ಸಿಗದಿದ್ದಾಗ

ವಿಕಿಪೀಡಿಯ ಧಾರಾಳ ಮನೆ, ಎಲ್ಲವನ್ನೂ ವಿಂಡೋ ಮೇಲೆ ಇಟ್ಟಿದೆ. ಬೇರೆ ತಾಣಗಳು ಹೀಗಿರುವುದಿಲ್ಲ. ಕನ್ಸೋಲ್‌ನಲ್ಲಿ ‘ಆ್ಯಪ್’ ಅಂತ ಬರೆದರೆ ಆಬ್ಜೆಕ್ಟ್ ಬರುತ್ತದೆ, ‘ವಿಂಡೋ.ಆ್ಯಪ್’ ಅಂದರೆ ಅನ್‌ಡಿಫೈನ್ಡ್. ಹುಚ್ಚು ಹಿಡಿಸುತ್ತದೆ, ಅಲ್ವಾ? ಪುಟದವರು ಅದನ್ನು ‘ಲೆಟ್’ ಅಥವಾ ‘ಕಾನ್ಸ್ಟ್’ ಹಾಕಿ ಬರೆದಿದ್ದಾರೆ, ಅದೇ ಕಾರಣ. ‘ವಾರ್’ ಹಾಕಿದ್ದು, ಹೊರಗೆ ಬರೆದ ಫಂಕ್ಷನ್‌ಗಳು ವಿಂಡೋಗೆ ಅಂಟಿಕೊಳ್ಳುತ್ತವೆ. ಲೆಟ್, ಕಾನ್ಸ್ಟ್ ಅಂಟುವುದಿಲ್ಲ. ಪುಟದ ಮನೆಯೊಳಗೆ ನಿಂತು ಬರೀ ಹೆಸರು ಹಿಡಿದು ಕರೆದರೆ ಮಾತ್ರ ಓ ಅನ್ನುತ್ತವೆ. ಅನ್‌ಸೇಫ್‌ವಿಂಡೋ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ‘ಗ್ರಾಂಟ್ ನನ್’ ಇಟ್ಟು ಬರೀ ಹೆಸರಿನಿಂದ ಕರೆಯಿರಿ.

ಪುಟದ ಕೋಡ್ ಮಾಡ್ಯೂಲ್ ಆಗಿದ್ದರೆ, ಇಲ್ಲವೇ ಒಂದು ಫಂಕ್ಷನ್ ಒಳಗೆ ಸುತ್ತಿಟ್ಟಿದ್ದರೆ, ಹೆಸರು ಹಿಡಿದೂ ಸಿಗುವುದಿಲ್ಲ. ಕನ್ಸೋಲ್‌ನಲ್ಲೂ ಸಿಗುವುದಿಲ್ಲ. ಆಗ ಅಡುಗೆಮನೆಗೆ ನುಗ್ಗುವ ಯೋಚನೆ ಬಿಟ್ಟು, ಸಾಮಾನು ಒಳಗೆ ಹೋಗುವ ದಾರಿಯಲ್ಲಿ ನಿಲ್ಲಬೇಕು. ಮೊದಲು ಅಂಗಳದಲ್ಲೇ ಬಿದ್ದಿದೆಯಾ ನೋಡಿ. ಎಷ್ಟೋ ತಾಣಗಳು ಮಾಹಿತಿಯನ್ನು ಜೇಸನ್ ರೂಪದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ಒಳಗೆ ಇಟ್ಟಿರುತ್ತವೆ. ತಾಣ ಕಟ್ಟಲು ನೆಕ್ಸ್ಟ್‌ಜೆಎಸ್, ವ್ಯೂ, ರಿಯಾಕ್ಟ್ ಥರದ ಸಿದ್ಧ ಚೌಕಟ್ಟುಗಳಿವೆ. ನೆಕ್ಸ್ಟ್‌ಜೆಎಸ್‌ನಲ್ಲಿ ಕಟ್ಟಿದ ಅನೇಕ ತಾಣಗಳಲ್ಲಿ ‘ನೆಕ್ಸ್ಟ್ ಡೇಟಾ’ ಅನ್ನುವ ಐಡಿ ಇರುವ ಟ್ಯಾಗ್ ಇರುತ್ತದೆ. ಎರಡೂ ಪದ ದೊಡ್ಡಕ್ಷರ, ಹಿಂದೆ ಮುಂದೆ ಎರಡೆರಡು ಅಡಿಗೆರೆ, ನಡುವೆ ಒಂದು. ಅದರ ಪಠ್ಯ ಓದಿ ‘ಜೇಸನ್.ಪಾರ್ಸ್’ ಮಾಡಿದರೆ ಮುಗಿಯಿತು, ಯಾವ ಗೋಡೆಯನ್ನೂ ದಾಟಬೇಕಿಲ್ಲ. ಹಳೇ ವ್ಯೂ 2ರ ಪುಟಗಳಲ್ಲಿ ಎಲಿಮೆಂಟ್‌ಗಳಿಗೇ ‘ವ್ಯೂ’ ಅನ್ನುವ ಪ್ರಾಪರ್ಟಿ ಅಂಟಿರುತ್ತದೆ, ಹಿಂದೆ ಮುಂದೆ ಎರಡೆರಡು ಅಡಿಗೆರೆ. ರಿಯಾಕ್ಟ್ ಕೂಡ ಎರಡು ಅಡಿಗೆರೆ, ಆಮೇಲೆ ‘ರಿಯಾಕ್ಟ್‌ಫೈಬರ್’ ಅಂತ ಶುರುವಾಗುವ ಬಾಲಂಗೋಚಿ ಅಂಟಿಸುತ್ತದೆ. ಎಲಿಮೆಂಟ್ ಅಂಗಳದಲ್ಲಿದ್ದರೂ ಈ ಅಂಟಿಸಿದ ಸಾಮಾನು ಪುಟದ ಮನೆಯಿಂದ ನೋಡಿದರೆ ಮಾತ್ರ ಕಾಣುತ್ತದೆ.

ಅದೂ ಆಗದಿದ್ದರೆ ‘ಫೆಚ್’ ಹಿಡಿಯುವುದು, ಅಂದರೆ ಪುಟ ಸರ್ವರ್‌ನಿಂದ ಮಾಹಿತಿ ತರಿಸುವ ಫಂಕ್ಷನ್. ರನ್-ಅಟ್ ಅನ್ನು ಡಾಕ್ಯುಮೆಂಟ್-ಸ್ಟಾರ್ಟ್ ಮಾಡಿ. ಅನ್‌ಸೇಫ್‌ವಿಂಡೋದ ಫೆಚ್ ಅನ್ನು ಒಂದು ವೇರಿಯಬಲ್‌ನಲ್ಲಿ ಎತ್ತಿಟ್ಟು, ಅದರ ಜಾಗದಲ್ಲಿ ನಿಮ್ಮ ಫಂಕ್ಷನ್ ಕೂರಿಸಿ. ಅದು ಹಳೆಯದನ್ನು ಕರೆದು, ಬಂದ ಉತ್ತರದ ‘ಕ್ಲೋನ್’ ಮಾಡಿ ಓದಿಕೊಂಡು, ಮೂಲವನ್ನು ಮುಟ್ಟದೆ ಪುಟಕ್ಕೆ ವಾಪಸ್ ಕೊಡಬೇಕು. ಕ್ಲೋನ್ ಮಾಡದೆ ಓದಿದರೆ ಉತ್ತರ ಖಾಲಿಯಾಗುತ್ತದೆ, ಪುಟ ಒಡೆಯುತ್ತದೆ. ಹಳೆಯದನ್ನು ಕರೆಯುವಾಗ ‘ಇಲ್ಲೀಗಲ್ ಇನ್ವೊಕೇಶನ್’ ಅಂತ ಬಂದರೆ ನೀವು ಅದನ್ನು ತಪ್ಪು ಆಬ್ಜೆಕ್ಟ್ ಮೇಲೆ ಕರೆದಿದ್ದೀರಿ. ‘ಕಾಲ್’ ಬಳಸಿ ಅನ್‌ಸೇಫ್‌ವಿಂಡೋವನ್ನೇ ಮೊದಲು ಕೊಡಿ.

ಪುಟ ಒಂದು ಆಬ್ಜೆಕ್ಟನ್ನು ವಿಂಡೋ ಮೇಲೆ ಇಡುವ ಆ ಕ್ಷಣವೇ ಬೇಕು ಅಂದರೆ ‘ಆಬ್ಜೆಕ್ಟ್.ಡಿಫೈನ್‌ಪ್ರಾಪರ್ಟಿ’ ಇದೆ. ಆ ಹೆಸರಿಗೆ ಮೊದಲೇ ಒಂದು ‘ಸೆಟ್’, ಒಂದು ‘ಗೆಟ್’ ಇಟ್ಟು ಕಾಯುವುದು. ‘ಕಾನ್ಫಿಗರಬಲ್’ ಅನ್ನು ಟ್ರೂ ಇಡಲು ಮರೆಯಬೇಡಿ. ಮರೆತಾಗ, ಪುಟ ಅದೇ ಹೆಸರನ್ನು ಲೆಟ್ ಹಾಕಿ ಬರೆದಿದ್ದರೆ ಪುಟದ ಆ ಇಡೀ ಸ್ಕ್ರಿಪ್ಟೇ ಸಿಂಟ್ಯಾಕ್ಸ್ ಎರರ್ ಕೊಟ್ಟು ಮಲಗಿಬಿಡುತ್ತದೆ.

ಸ್ಕ್ರಿಪ್ಟ್ ಟ್ಯಾಗ್ ಎಂಬ ಹಳೇ ಚಾಳಿ

ಹಳೇ ಕೋಡ್‌ಗಳಲ್ಲಿ ಇನ್ನೊಂದು ಉಪಾಯ ಕಾಣುತ್ತದೆ. ಒಂದು ಸ್ಕ್ರಿಪ್ಟ್ ಟ್ಯಾಗ್ ಮಾಡಿ, ಫಂಕ್ಷನ್ ಅನ್ನು ‘ಟುಸ್ಟ್ರಿಂಗ್’ ಮಾಡಿ ಅದರೊಳಗೆ ತುರುಕಿ, ಪುಟಕ್ಕೆ ಸೇರಿಸುವುದು. ಟ್ಯಾಗ್ ಅಂಗಳದಲ್ಲಿ ಬಿದ್ದ ಕೂಡಲೇ ಅದರ ಕೋಡ್ ಪುಟದ ಮನೆಯಲ್ಲಿ ಓಡುತ್ತದೆ. ಚೆನ್ನಾಗಿಯೇ ನಡೆಯುತ್ತಿತ್ತು. ಈಗ ತುಂಬ ತಾಣಗಳು ಸಿಎಸ್‌ಪಿ ಅನ್ನುವ ಕಟ್ಟಳೆ ಹಾಕಿವೆ. ಗಿಟ್‌ಹಬ್ ಅಂಥದ್ದು. ಪುಟದೊಳಗೆ ಹೀಗೆ ನೇರ ಬರೆದ ಕೋಡ್‌ಗೆ ಅಲ್ಲಿ ಜಾಗ ಇಲ್ಲ. ಕನ್ಸೋಲ್‌ನಲ್ಲಿ ‘ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ’ ಅನ್ನುವ ಕೆಂಪು ಸಾಲು ಕಂಡರೆ ಇದೇ. ವಯಲೆಂಟ್‌ಮಂಕಿಯಲ್ಲಿ ‘@ಇಂಜೆಕ್ಟ್-ಇಂಟು’ ಅಂತ ಒಂದು ಸಾಲು ಇದೆ. ‘ಪೇಜ್’ ಅಂದರೆ ಪುಟದ ಮನೆ, ‘ಕಂಟೆಂಟ್’ ಅಂದರೆ ಬೇರೆ ಮನೆ, ‘ಆಟೋ’ ಅಂದರೆ ಮೊದಲು ಪುಟದಲ್ಲಿ ಪ್ರಯತ್ನಿಸಿ, ಬಿಡದಿದ್ದರೆ ಬೇರೆ ಮನೆ. ಟ್ಯಾಂಪರ್‌ಮಂಕಿಯಲ್ಲಿ ಇದೇ ಕೆಲಸಕ್ಕೆ ‘@ಸ್ಯಾಂಡ್‌ಬಾಕ್ಸ್’ ಇದೆ. ಹೊಸದಾಗಿ ಬರೆಯುವವರು ಟ್ಯಾಗ್ ತುರುಕುವ ಬದಲು ಇವನ್ನೇ ಬಳಸಿ.

ಎರಡು ಮನೆಯ ನಡುವೆ ಮಾತು ಸಾಗಬೇಕಾದರೆ ಅಂಗಳವೇ ಸಾಕು. ‘ಕಸ್ಟಮ್‌ಇವೆಂಟ್’ ಒಂದನ್ನು ಡಾಕ್ಯುಮೆಂಟ್ ಮೇಲೆ ಕಳಿಸಿ, ಆ ಕಡೆಯಿಂದ ಕೇಳಿಸಿಕೊಳ್ಳಿ. ಆಬ್ಜೆಕ್ಟ್ ಬದಲು ‘ಜೇಸನ್.ಸ್ಟ್ರಿಂಗಿಫೈ’ ಮಾಡಿದ ಪಠ್ಯ ಕಳಿಸಿದರೆ ಎಲ್ಲ ಬ್ರೌಸರ್‌ನಲ್ಲೂ ತಲುಪುತ್ತದೆ. ನೆನಪಿರಲಿ, ಆ ಇವೆಂಟನ್ನು ಪುಟವೂ ಕೇಳಿಸಿಕೊಳ್ಳಬಹುದು, ಪುಟವೂ ಕಳಿಸಬಹುದು. ಬಂದದ್ದನ್ನು ಹಾಗೇ ನಂಬಿ ಓಡಿಸಬೇಡಿ.

ಫೈರ್‌ಫಾಕ್ಸ್‌ನ ಸುಂಕದ ಕಟ್ಟೆ

ಫೈರ್‌ಫಾಕ್ಸ್‌ನಲ್ಲಿ ಗ್ರೀಸ್‌ಮಂಕಿ ಬಳಸುವವರಿಗೆ, ಬೇರೆ ಮ್ಯಾನೇಜರ್‌ಗಳಲ್ಲಿ ಕಂಟೆಂಟ್ ಮನೆಯಿಂದ ಬರೆಯುವವರಿಗೆ ಇನ್ನೊಂದು ತೊಡಕು. ಅಲ್ಲಿ ‘ರ‍್ಯಾಪ್ಡ್‌ಜೆಎಸ್‌ಆಬ್ಜೆಕ್ಟ್’ ಅನ್ನುವ ಪ್ರಾಪರ್ಟಿಯ ಮೂಲಕ ಪುಟದ ಆಬ್ಜೆಕ್ಟ್‌ಗಳನ್ನು ಓದುವುದು ಸಲೀಸು. ಗ್ರೀಸ್‌ಮಂಕಿಯ ಅನ್‌ಸೇಫ್‌ವಿಂಡೋ ಅಂದರೆ ಇದೇ. ಆದರೆ ನಿಮ್ಮ ಆಬ್ಜೆಕ್ಟನ್ನೋ ಫಂಕ್ಷನ್ನನ್ನೋ ಅಲ್ಲಿ ಇಟ್ಟರೆ ಪುಟ ಅದನ್ನು ಮುಟ್ಟಲು ಹೋಗಿ ‘ಪರ್ಮಿಶನ್ ಡಿನೈಡ್’ ಅನ್ನುತ್ತದೆ. ಆಬ್ಜೆಕ್ಟ್ ದಾಟಿಸಲು ‘ಕ್ಲೋನ್‌ಇಂಟು’, ಫಂಕ್ಷನ್ ದಾಟಿಸಲು ‘ಎಕ್ಸ್‌ಪೋರ್ಟ್‌ಫಂಕ್ಷನ್’. ಎರಡಕ್ಕೂ ಮೊದಲು ನಿಮ್ಮ ವಸ್ತು, ಆಮೇಲೆ ಅನ್‌ಸೇಫ್‌ವಿಂಡೋ ಕೊಡಬೇಕು. ಮೇಲೆ ಹೇಳಿದ ಆರ್‌ಎಲ್‌ಕ್ಯೂ ಪುಶ್ ಕೂಡ ಇಲ್ಲಿ ಎಕ್ಸ್‌ಪೋರ್ಟ್‌ಫಂಕ್ಷನ್ ಇಲ್ಲದೆ ನಡೆಯುವುದಿಲ್ಲ. ಬರೀ ಓದುವುದಷ್ಟೇ ಕೆಲಸ ಆದರೆ ಬಾಗಿಲು ತಟ್ಟುವ ಇಂಟರ್‌ವಲ್ ದಾರಿಯಲ್ಲಿ ಈ ಗೋಜು ಇಲ್ಲ. ನಮ್ಮ ಚಿಕ್ಕ ಕೊಂಡಿಗೆ ನಾನು ಅದನ್ನೇ ಇಟ್ಟಿದ್ದೇನೆ.

ಬಾಗಿಲ ಮೇಲಿನ ಬರಹ

ಅನ್‌ಸೇಫ್ ಅನ್ನುವ ಹೆಸರಿಗೆ ಹೆದರಿ ಓಡಬೇಕಿಲ್ಲ, ಆದರೆ ಅದು ಏನು ಹೇಳುತ್ತಿದೆ ಅಂತ ತಿಳಿದಿರಬೇಕು. ಆ ಬಾಗಿಲ ಆಚೆ ಇರುವುದೆಲ್ಲ ಪುಟದ್ದು. ನೀವು ಕರೆಯುವ ಫಂಕ್ಷನ್ ಅನ್ನು ಪುಟ ಬದಲಿಸಿರಬಹುದು. ಒಂದು ಪ್ರಾಪರ್ಟಿ ಓದಿದರೂ ಪುಟದ ಗೆಟರ್ ಓಡಬಹುದು. ಹಾಗಾಗಿ ಅಲ್ಲಿಂದ ನಂಬರ್ ತರುವಾಗ ನಂಬರ್ ಹೌದಾ ನೋಡಿ, ಪಠ್ಯ ತಂದರೆ ‘ಇನ್ನರ್‌ಎಚ್‌ಟಿಎಂಎಲ್’ಗೆ ಸುರಿಯದೆ ‘ಟೆಕ್ಸ್ಟ್‌ಕಂಟೆಂಟ್’ಗೆ ಹಾಕಿ. ಜಿಎಂ ಫಂಕ್ಷನ್‌ಗಳನ್ನು ಯಾವ ಕಾರಣಕ್ಕೂ ಅನ್‌ಸೇಫ್‌ವಿಂಡೋ ಮೇಲೆ ಇಟ್ಟು ಬರಬೇಡಿ. 2005ರಲ್ಲಿ ಸೋರಿದ್ದು ಇದೇ ಅಧಿಕಾರಗಳು. ‘ಮ್ಯಾಚ್’ ಸಾಲನ್ನು ಎಷ್ಟು ಬೇಕೋ ಅಷ್ಟಕ್ಕೇ ಬರೆಯಿರಿ. ಎಲ್ಲ ತಾಣಕ್ಕೂ ಅಂತ ನಕ್ಷತ್ರ ಹಾಕಿಬಿಟ್ಟರೆ ಬ್ಯಾಂಕಿನ ಪುಟದಲ್ಲೂ ನಿಮ್ಮ ಸ್ಕ್ರಿಪ್ಟ್ ಎದ್ದು ಕೂರುತ್ತದೆ.

ಬರೀ ವಿಕಿಪೀಡಿಯಕ್ಕೇ ಆದರೆ ಎಕ್ಸ್‌ಟೆನ್ಶನ್ ಇಲ್ಲದೆಯೂ ಈ ಕೆಲಸ ಆಗುತ್ತದೆ. ಖಾತೆ ಇದ್ದವರು ತಮ್ಮ ಸದಸ್ಯ ಪುಟದ ಕೆಳಗೆ ‘ಕಾಮನ್ ಡಾಟ್ ಜೆಎಸ್’ ಅನ್ನುವ ಉಪಪುಟ ಮಾಡಿ ಕೋಡ್ ಹಾಕಿದರೆ, ಲಾಗಿನ್ ಆದಾಗಲೆಲ್ಲ ಅದು ಪುಟದ ಮನೆಯೊಳಗೇ ಓಡುತ್ತದೆ. ಅಲ್ಲಿ ಎಂಡಬ್ಲ್ಯೂ ಸಿದ್ಧವಾಗಿಯೇ ಇರುತ್ತದೆ, ಗ್ರಾಂಟ್ ಬೇಡ, ಅನ್‌ಸೇಫ್‌ವಿಂಡೋ ಬೇಡ. ಜಿಎಂ_ಸೆಟ್‌ಕ್ಲಿಪ್‌ಬೋರ್ಡ್ ಮಾತ್ರ ಸಿಗುವುದಿಲ್ಲ, ಅದರ ಬದಲು ಬ್ರೌಸರಿನದೇ ‘ನ್ಯಾವಿಗೇಟರ್.ಕ್ಲಿಪ್‌ಬೋರ್ಡ್.ರೈಟ್‌ಟೆಕ್ಸ್ಟ್’ ಬಳಸಿ. ಅದನ್ನು ಬಟನ್ ಒತ್ತಿದಾಗಲೇ ಕರೆಯಬೇಕು, ಪುಟ ತೆರೆದ ಕೂಡಲೇ ತಾನಾಗಿ ಕರೆದರೆ ಬ್ರೌಸರ್ ಬಿಡದೇ ಇರಬಹುದು.